ಮೌಸಿಮ್ ಎಂಬ ಕಡಲಿನ ಲೆಕ್ಕ

ಮಳೆ ಬಿದ್ದ ಸಂಜೆ 'ಮೌಸಮ್ ಬದಲಾಯಿತು' ಎನ್ನುವುದು ನಮ್ಮ ಮನೆಗಳ ವಾಡಿಕೆ. ಮಳೆಗಾಲ ಕಳೆದು ಚಳಿ ಬಂದರೂ ಅದೇ ಮಾತು. ಉರ್ದುವಿನಲ್ಲಿ ಇವತ್ತಿನ ಗಾಳಿಮಳೆಗೂ ಮೌಸಮ್, ಋತುವಿಗೂ ಮೌಸಮ್. ಒಂದು ಸೀಮೆಯ ನೀರು-ಗಾಳಿಯ ನೆಲೆನಿಂತ ಗುಣಕ್ಕೆ 'ಆಬೋಹವಾ' ಎಂಬ ಬೇರೆ ಪದವಿದೆ. ಕನ್ನಡ ಶಾಲೆಯಲ್ಲಿ ನಾವು ಇವನ್ನೇ ಹವಾಮಾನ, ಹವಾಗುಣ ಎಂದು ಕಲಿತೆವು. ಎರಡರಲ್ಲೂ ಇರುವ 'ಹವಾ' ಅರಬ್ಬಿಯದು. ಮಾನವೂ ಗುಣವೂ ಸಂಸ್ಕೃತದವು. ಒಂದರ ಬದಲು ಇನ್ನೊಂದನ್ನು ಬರೆದು ಅಂಕ ಕಳೆದುಕೊಂಡವರೂ ನಮ್ಮಲ್ಲಿದ್ದಾರೆ.

ಈ ವ್ಯತ್ಯಾಸವನ್ನು ಬದುಕಿನಿಂದಲೇ ಅರಿತವರು ಅರಬ್ಬಿ ಕಡಲಿನ ನಾವಿಕರು. ಅರಬ್ಬಿಯಲ್ಲಿ 'ಮೌಸಿಮ್' ಎಂದರೆ ಗೊತ್ತುಪಡಿಸಿದ ಕಾಲ. ಹಜ್ಜಿನ ಕಾಲವೂ ಮೌಸಿಮ್, ಹಡಗು ಬಿಡುವ ಕಾಲವೂ ಮೌಸಿಮ್. ಅದೇ ಪದ ಪೋರ್ಚುಗೀಸರ ಬಾಯಿ ಹಾದು, ಇಂಗ್ಲಿಷಿಗೆ ಹೋಗಿ, 'ಮಾನ್ಸೂನ್' ಆಗಿ ನಮ್ಮ ರೇಡಿಯೋಗೆ ಮರಳಿತು. 15ನೆಯ ಶತಮಾನದ ನಾವಿಕ ಅಹ್ಮದ್ ಇಬ್ನ್ ಮಾಜಿದ್ ತನ್ನ 'ಕಿತಾಬುಲ್ ಫವಾಇದ್'ನಲ್ಲಿ ಯಾವ ಪಯಣಕ್ಕೆ ಯಾವ ಕಾಲದಲ್ಲಿ ಹೊರಡಬೇಕೆಂದು ಬರೆದಿಟ್ಟಿದ್ದಾನೆ. ವಿಶೇಷವೆಂದರೆ ಆ ಲೆಕ್ಕ ಹಿಜರಿ ತಿಂಗಳುಗಳಲ್ಲಿಲ್ಲ. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು. ಹಾಗಾಗಿ ರಂಜಾನ್ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಬರುತ್ತದೆ. ಗಾಳಿ ಹಾಗಲ್ಲ, ಅದು ಸೂರ್ಯನನ್ನು ಹಿಂಬಾಲಿಸುತ್ತದೆ. ಅದಕ್ಕೇ ನಾವಿಕರು ನೈರೂಝ್‌ನಿಂದ ದಿನ ಎಣಿಸುತ್ತಿದ್ದರು. ರೋಜಾಕ್ಕೆ ಒಂದು ಪಂಚಾಂಗ, ಹಾಯಿಗೆ ಇನ್ನೊಂದು!

ವಿಜಯನಗರದ ಲಾಯಗಳಿಗಾಗಿ ಭಟ್ಕಳದಲ್ಲಿ ಅರಬ್ಬಿ ಕುದುರೆಗಳು ಇಳಿದದ್ದೂ ಈ ಗಾಳಿಯನ್ನು ನಂಬಿಯೇ. ನಾಖುದಾ ನಂಬುತ್ತಿದ್ದುದು ಹವಾಗುಣವನ್ನು. ನಡುಗಡಲಲ್ಲಿ ಅವನ ಹಡಗು ಮುಳುಗಿಸುತ್ತಿದ್ದುದು ಆ ದಿನದ ಹವಾಮಾನ.

ಹವಾಗುಣವನ್ನು ರೂಪಿಸುವುದು ಯಾವುದು? ಹಳೆಯ ಭೂಗೋಳಜ್ಞರು ಗ್ರೀಕರಿಂದ ಪಡೆದ 'ಇಕ್ಲೀಮ್' ಲೆಕ್ಕದಂತೆ, ಸೂರ್ಯನ ಓರೆಯನ್ನು ಅನುಸರಿಸಿ ಭೂಮಿಯನ್ನು ಏಳು ಪಟ್ಟಿಗಳಾಗಿ ವಿಂಗಡಿಸಿದರು. 1154ರ ಅಲ್ ಇದ್ರೀಸಿಯ ಭೂಪಟವೂ ಹಾಗೆಯೇ ಇದೆ. ಇಬ್ನ್ ಖಲ್ದೂನ್ 1377ರಲ್ಲಿ ಜನರ ಮೈಬಣ್ಣ, ಸ್ವಭಾವಗಳನ್ನೂ ಆ ಪಟ್ಟಿಗಳಿಗೆ ಗಂಟುಹಾಕಿದ. ಅವನ ಮೇಲೆ ನಮಗೆಷ್ಟೇ ಗೌರವವಿದ್ದರೂ, ಸ್ವಭಾವದ ಕುರಿತ ಮಾತನ್ನು ಒಪ್ಪಲಾಗದು. ಅಕ್ಷಾಂಶವೊಂದೇ ಸಾಲದು ಎನ್ನಲು ನಮ್ಮ ನೆಲವೇ ಸಾಕ್ಷಿ. ಬೇಸಿಗೆಯಲ್ಲಿ ನೆಲ ಕಡಲಿಗಿಂತ ಬೇಗ ಕಾದು, ಅಲ್ಲಿ ಒತ್ತಡ ಕುಸಿದು, ತೇವದ ಗಾಳಿ ನೈಋತ್ಯದಿಂದ ನುಗ್ಗುತ್ತದೆ. ಸಹ್ಯಾದ್ರಿ ಅದನ್ನು ಮೇಲಕ್ಕೆತ್ತಿ ಹಿಂಡುತ್ತದೆ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಇನ್ನೂರು ಕಿಲೋಮೀಟರಿನೊಳಗೇ ಇರುವ ಚಳ್ಳಕೆರೆಗೆ 500ರ ಆಸುಪಾಸು. ಅಕ್ಷಾಂಶ ಹೆಚ್ಚುಕಡಿಮೆ ಒಂದೇ, ಗಾಳಿಯೂ ಒಂದೇ, ಅಡ್ಡ ಬಂದದ್ದು ಬೆಟ್ಟ.

ದೂರದ ಕಡಲೂ ಈ ಲೆಕ್ಕದಲ್ಲಿದೆ ಎಂಬುದು ತಿಳಿಯಲು ತಡವಾಯಿತು. 1876ರಲ್ಲಿ ಮುಂಗಾರು ಕೈಕೊಟ್ಟಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾದ ಗಿಲ್ಬರ್ಟ್ ವಾಕರ್, ಶಾಂತ ಸಾಗರದ ಮೇಲೂ ಹಿಂದೂ ಮಹಾಸಾಗರದ ಮೇಲೂ ವಾಯುಭಾರ ತಕ್ಕಡಿಯಂತೆ ಏರಿಳಿಯುವುದನ್ನು ಗುರುತಿಸಿದ. ಬ್ಯೆರ್ಕ್ನೆಸ್ ಅದನ್ನು ಎಲ್ ನಿನೋ ಬಿಸಿನೀರಿಗೆ ಜೋಡಿಸಿದ್ದು 1969ರಲ್ಲಿ. ಅಂದು ಮಳೆ ತಪ್ಪಿದ್ದರ ಮೂಲ ಬಹುಮಟ್ಟಿಗೆ ಶಾಂತ ಸಾಗರದಲ್ಲಿತ್ತು. ಅಷ್ಟು ಜನ ಸತ್ತದ್ದಕ್ಕೆ ಮಾತ್ರ ಕಾರಣ ಆಳುವವರ ಕಚೇರಿಗಳಲ್ಲಿತ್ತು: ಬ್ರಿಟಿಷ್ ಇಂಡಿಯಾದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ, 1877ರಲ್ಲಿ ಮದರಾಸಿನ ಪರಿಹಾರ ಕಾಮಗಾರಿಯ ಕೂಲಿಯನ್ನೂ ಕಡಿತಗೊಳಿಸಿದರು.

ಒಂದು ವರ್ಷದ ಬರ ಹವಾಗುಣವನ್ನು ಬದಲಿಸುವುದಿಲ್ಲ. ಕನಿಷ್ಠ 30 ವರ್ಷಗಳ ಸರಾಸರಿ ನೋಡಿ ಮಾತಾಡಬೇಕೆಂಬುದು ವಿಜ್ಞಾನಿಗಳ ರೂಢಿ. ಆದರೆ ಈಗ ಆ ಸರಾಸರಿಯೇ ಕದಲುತ್ತಿದೆ. 2020ರಲ್ಲಿ ಹವಾಮಾನ ಇಲಾಖೆ ಮುಂಗಾರಿನ ವಾಡಿಕೆಯ ದಿನಾಂಕಗಳನ್ನು ತಿದ್ದಿತು. ಕೇರಳಕ್ಕೆ ಮಳೆ ಬರುವ ದಿನ ಜೂನ್ 1 ಹಾಗೆಯೇ ಉಳಿಯಿತು. ವಾಯವ್ಯ ಭಾರತದಿಂದ ಹಿಂದೆಗೆಯುವ ದಿನ ಸೆಪ್ಟೆಂಬರ್ 1ರಿಂದ 17ಕ್ಕೆ ಹೋಯಿತು. ಇದು ಒಂದು ವರ್ಷದ ಮಳೆಯನ್ನು ಕಂಡು ಹೇಳಿದ್ದಲ್ಲ. 1971ರಿಂದ 2019ರವರೆಗಿನ ದಾಖಲೆಗಳನ್ನು ಕೂಡಿಸಿ ಮಾಡಿದ ತಿದ್ದುಪಡಿ.