ರಾಫ್ಟಿಂಗ್‌ಗೆ ಹೊರಟೀರಾ? ವಾಟರ್‌ಪ್ರೂಫ್ ಕ್ಯಾಮೆರಾ ಕೊಳ್ಳುವ ಮುನ್ನ ಇದನ್ನು ಓದಿ

ಬೀದರ್: ರಜೆ ಬಂತೆಂದರೆ ಅಷ್ಟೂರ, ಭಾಲ್ಕಿ, ಔರಾದ್ ಕಡೆಯ ಹುಡುಗರು ಗುಂಪು ಕಟ್ಟಿಕೊಂಡು ಗಾಡಿ ಮಾಡಿಸಿ ದಾಂಡೇಲಿಗೆ ಹೊರಡುವುದುಂಟು. ಹಳದಿ ಹೆಲ್ಮೆಟ್ ಹಾಕಿ, ರಬ್ಬರ್ ದೋಣಿಯಲ್ಲಿ ಕೂತು, ನೊರೆಯ ನಡುವೆ ಕೂಗುವ ವಿಡಿಯೊ ಸ್ಟೇಟಸ್‌ಗೆ ಹಾಕಬೇಕು ಅನ್ನೋದು ಎಲ್ಲರ ಆಸೆ. ಆದರೆ ಊರಿಗೆ ವಾಪಸ್ ಬರುವಾಗ ಕೆಲವರ ಕೈಯಲ್ಲಿ ವಿಡಿಯೊನೂ ಇರುವುದಿಲ್ಲ, ಫೋನೂ ಇರುವುದಿಲ್ಲ. ನೀರಿಗೆ ಹೋಗುವ ಕ್ಯಾಮೆರಾ ಹೇಗಿರಬೇಕು, ಅಂಗಡಿಯಲ್ಲಿ ಏನು ಕೇಳಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದರ ಮಾಹಿತಿ ಇಲ್ಲಿದೆ.

ಮೊದಲು ನದಿ ಯಾವುದು ನೋಡಿ

ಎಲ್ಲಾ ರಾಫ್ಟಿಂಗ್ ಒಂದೇ ಅಲ್ಲ. ನದಿಯ ಸೆಳವಿಗೆ 1ರಿಂದ 6ರವರೆಗೆ ದರ್ಜೆ ಇದೆ. 1 ಅಂದರೆ ಸಣ್ಣ ಅಲೆ, 6 ಅಂದರೆ ಹೋಗಲೇಬಾರದಷ್ಟು ಅಪಾಯ. ಉತ್ತರ ಕನ್ನಡ ಜಿಲ್ಲೆಯ ಗಣೇಶಗುಡಿ ಹತ್ತಿರ ಕಾಳಿ ನದಿಯಲ್ಲಿ ಸಾಮಾನ್ಯವಾಗಿ 2 ಮತ್ತು 3ನೇ ದರ್ಜೆಯ ಸೆಳವು ಸಿಗುತ್ತದೆ. ಅಲ್ಲಿನ ನೀರು ಸೂಪಾ ಅಣೆಕಟ್ಟೆಯಿಂದ ಬಿಡುವುದನ್ನು ಅವಲಂಬಿಸಿದೆ. ನೀರು ಬಿಡದ ದಿನ ರಾಫ್ಟಿಂಗ್ ಇರುವುದಿಲ್ಲ, ಮಳೆಗಾಲದಲ್ಲಿಯೂ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಕೊಡಗಿನ ಬರಪೊಳೆಯಲ್ಲಿ ಇದಕ್ಕೆ ಉಲ್ಟಾ: ಮಳೆಗಾಲವೇ ಅಲ್ಲಿ ಸೀಸನ್, ಸೆಳವು 4ನೇ ದರ್ಜೆಯವರೆಗೂ ಹೋಗುತ್ತದೆ. ಕುಶಾಲನಗರ ಹತ್ತಿರದ ದುಬಾರೆಯಲ್ಲಿ ಕಾವೇರಿ ಬಹುತೇಕ ಶಾಂತ.

ಕ್ಯಾಮೆರಾ ಆಯ್ಕೆ ಇದರ ಮೇಲೆ ನಿಂತಿದೆ. ಶಾಂತ ನೀರಿನಲ್ಲಿ ಅರ್ಧ ಗಂಟೆ ತೇಲಿ ಬರುವವರಿಗೆ ದೊಡ್ಡ ಖರ್ಚು ಬೇಕಿಲ್ಲ. ಬರಪೊಳೆಗೆ ಹೋಗುವವರ ಕೈಯಲ್ಲಿ ಕ್ಯಾಮೆರಾ ಹಿಡಿಯಲು ಪುರುಸೊತ್ತೇ ಇರುವುದಿಲ್ಲ. ಅಲ್ಲಿ ಅದು ಮೈಗೆ ಕಟ್ಟಿಕೊಂಡೇ ಇರಬೇಕು.

ಐಪಿ68 ಅಂದರೆ ಏನು?

"ಏನ್ ಆಗಲ್ಲ ರೀ, ಫುಲ್ ವಾಟರ್‌ಪ್ರೂಫ್ ಅದ" ಅಂತ ಕೌಂಟರ್ ಮೇಲೆ ಹೇಳುವುದು ಸುಲಭ. ಪೆಟ್ಟಿಗೆ ಮೇಲೆ ಬರೆದದ್ದು ಬೇರೆ ಕಥೆ ಹೇಳುತ್ತದೆ. ಐಪಿ67, ಐಪಿ68 ಎಂಬ ಗುರುತಿನಲ್ಲಿ ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. 7 ಅಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯಬೇಕು. 8 ಅಂದರೆ ಅದಕ್ಕಿಂತ ಹೆಚ್ಚು. ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ಕಂಪನಿಯೇ ಹೇಳುತ್ತದೆ, ಹಾಗಾಗಿ ಎರಡು ಐಪಿ68 ಫೋನ್‌ಗಳ ತಾಕತ್ತು ಒಂದೇ ಇರಬೇಕಾಗಿಲ್ಲ.

ಇಲ್ಲಿ ಎರಡು ಮಾತು ನೆನಪಿಡಬೇಕು. ಈ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ನಿಂತ ಸಿಹಿನೀರಿನಲ್ಲಿ. ಬಂಡೆಗೆ ಬಡಿದು ರಭಸದಿಂದ ಚಿಮ್ಮುವ ನೀರಿಗೆ 5 ಮತ್ತು 6 ಎಂಬ ಬೇರೆ ಅಂಕಿಗಳಿವೆ. 8 ಇದ್ದ ಮಾತ್ರಕ್ಕೆ 6 ಇದೆ ಅಂತ ಅರ್ಥವಲ್ಲ. ಇನ್ನೊಂದು, ಈ ರಕ್ಷಣೆ ಹೊಸ ಫೋನಿನದು. ಒಮ್ಮೆ ಕೆಳಗೆ ಬಿದ್ದ, ಗಾಜು ಬದಲಿಸಿದ, ಬಿಚ್ಚಿ ರಿಪೇರಿ ಮಾಡಿಸಿದ ಫೋನಿನ ಒಳಗಿನ ಅಂಟು, ರಬ್ಬರ್ ಮೊದಲಿನಂತೆ ಇರುವುದಿಲ್ಲ. ಅಂಥ ಫೋನನ್ನು ಐಪಿ68 ಅಂತ ನಂಬಿ ನೀರಿಗಿಳಿಸಬಾರದು.

ಅಂಗಡಿ ಫೋನ್ ಊರಲ್ಲೇ ಇರಲಿ

ವ್ಯಾಪಾರಸ್ಥರಿಗೆ ಇದು ಮುಖ್ಯ. ಇವತ್ತು ಅಂಗಡಿಯ ಫೋನ್ ಅಂದರೆ ಬರೀ ಫೋನ್ ಅಲ್ಲ. ಯುಪಿಐ ಖಾತೆ, ಬ್ಯಾಂಕ್ ಒಟಿಪಿ, ಜಿಎಸ್‌ಟಿ ಲಾಗಿನ್, ಉದ್ರಿ ಲೆಕ್ಕ, ಸಪ್ಲೈಯರ್ ನಂಬರ್ ಎಲ್ಲಾ ಅದರಲ್ಲೇ. ಫೋನ್ ನದಿ ತಳ ಸೇರಿದರೂ ಅಂಗಡಿಯಲ್ಲಿ ಸೌಂಡ್‌ಬಾಕ್ಸ್ ಹಣ ಬಂದದ್ದನ್ನು ಹೇಳುತ್ತಲೇ ಇರುತ್ತದೆ. ಆದರೆ ಆ ಹಣ ತೆಗೆದು ಸಪ್ಲೈಯರ್‌ಗೆ ಹಾಕಲು ಸಿಮ್ ಇಲ್ಲ. ಹೊಸ ಸಿಮ್ ತೆಗೆಸಿ, ಬ್ಯಾಂಕ್ ಆ್ಯಪ್ ಮತ್ತೆ ಜೋಡಿಸಿಕೊಳ್ಳುವವರೆಗೆ ವ್ಯವಹಾರ ನಿಂತಂತೆಯೇ. ಆದ್ದರಿಂದ ಹೊರಡುವ ಮುನ್ನ ಬ್ಯಾಕಪ್ ತೆಗೆದು, ಅಂಗಡಿ ಫೋನನ್ನು ಮನೆಯಲ್ಲಿ ಬಿಟ್ಟು, ಹಳೆಯ ಫೋನ್ ಅಥವಾ ಬೇರೆ ಕ್ಯಾಮೆರಾ ಒಯ್ಯುವುದೇ ಜಾಣತನ.

ಯಾರಿಗೆ ಯಾವುದು?

1. ಪ್ಲಾಸ್ಟಿಕ್ ಪೌಚ್: ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಶಾಂತ ನೀರಿಗೆ, ದಡದ ಫೋಟೊಗೆ ಸಾಕು. ಒದ್ದೆ ಪ್ಲಾಸ್ಟಿಕ್ ಮೇಲೆ ಟಚ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಚಿತ್ರ ಮಸುಕು ಬರುತ್ತದೆ. ಗಾಳಿ ತುಂಬಿ ತೇಲುವ ಪೌಚ್ ಆದರೆ ಒಳ್ಳೆಯದು.

2. ಆ್ಯಕ್ಷನ್ ಕ್ಯಾಮೆರಾ: ರಾಫ್ಟಿಂಗ್‌ಗೆ ಹೇಳಿ ಮಾಡಿಸಿದ್ದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಎದೆಗೆ ಅಥವಾ ಹೆಲ್ಮೆಟ್‌ಗೆ ಕಟ್ಟಬಹುದು. ಗೋಪ್ರೊ ಹೀರೊ12 ಮತ್ತು ಹೀರೊ13 ಬ್ಲ್ಯಾಕ್ ಬೇರೆ ಕವಚ ಇಲ್ಲದೆ 10 ಮೀಟರ್ ಆಳದವರೆಗೆ ತಡೆಯುತ್ತವೆ ಎಂದು ಕಂಪನಿ ಹೇಳುತ್ತದೆ. ಡಿಜೆಐ ಓಸ್ಮೊ ಆ್ಯಕ್ಷನ್ 4ಕ್ಕೆ ಈ ಮಿತಿ 18 ಮೀಟರ್, ಆ್ಯಕ್ಷನ್ 5 ಪ್ರೊಗೆ 20 ಮೀಟರ್. ರಾಫ್ಟಿಂಗ್‌ನಲ್ಲಿ ಅಷ್ಟು ಆಳಕ್ಕೆ ಯಾರೂ ಹೋಗುವುದಿಲ್ಲ, ಹಾಗಾಗಿ 10 ಮೀಟರ್ ಸಾಕೇ ಸಾಕು. 20 ಇದೆ ಅನ್ನುವ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ.

3. ಗಟ್ಟಿ ಕಾಂಪ್ಯಾಕ್ಟ್ ಕ್ಯಾಮೆರಾ: ಉದಾಹರಣೆಗೆ ಓಎಂ ಸಿಸ್ಟಂ ಟಫ್ ಟಿಜಿ-7. ಇದು 15 ಮೀಟರ್ ನೀರು, 2.1 ಮೀಟರ್ ಎತ್ತರದಿಂದ ಬೀಳುವುದನ್ನು ತಡೆಯುವಂತೆ ಮಾಡಿದ್ದು. ಜೂಮ್ ಇದೆ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಕೈಯಲ್ಲೇ ಹಿಡಿಯಬೇಕು. ಹುಟ್ಟು ಹಾಕುವವರಿಗಿಂತ ದಡದಲ್ಲಿ ನಿಂತು ತೆಗೆಯುವವರಿಗೆ ಹೆಚ್ಚು ಉಪಯೋಗ.

4. ಬಾಡಿಗೆ: ವರ್ಷಕ್ಕೆ ಒಂದೇ ಸಲ ಹೋಗುವವರಿಗೆ ಇದೇ ಲೇಸು. ಹೈದರಾಬಾದ್, ಬೆಂಗಳೂರಿನಂಥ ಊರುಗಳಲ್ಲಿ ಆ್ಯಕ್ಷನ್ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತವೆ. ರಾಫ್ಟಿಂಗ್ ನಡೆಸುವ ಕಡೆಯೇ ಹಣ ಕೊಟ್ಟರೆ ವಿಡಿಯೊ ಮಾಡಿಕೊಡುವವರೂ ಇರುತ್ತಾರೆ. ಎಂಟು ಜನರ ಗುಂಪು ಖರ್ಚು ಹಂಚಿಕೊಂಡರೆ ಯಾರಿಗೂ ಭಾರವಿಲ್ಲ. ಬಾಡಿಗೆಗೆ ತರುವವರು ನೀರು ಹೊಕ್ಕರೆ ಅಥವಾ ಕಳೆದರೆ ಎಷ್ಟು ಕಟ್ಟಬೇಕು ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು.

ಕೊಳ್ಳುವಾಗ ಇವನ್ನು ಕೇಳಿ

ಅಲುಗಾಟ ತಡೆ: ದೋಣಿ ಕುಣಿಯುತ್ತದೆ, ವಿಡಿಯೊ ಕುಣಿಯಬಾರದು. ಸ್ಟೆಬಿಲೈಸೇಶನ್ ಇಲ್ಲದ ಅಗ್ಗದ ಕ್ಯಾಮೆರಾದಲ್ಲಿ ತೆಗೆದ ವಿಡಿಯೊ ನೋಡಿದರೆ ತಲೆ ತಿರುಗುತ್ತದೆ. ಅಂಗಡಿಯಲ್ಲೇ ಕ್ಯಾಮೆರಾ ಆನ್ ಮಾಡಿಸಿ, ನಾಲ್ಕು ಹೆಜ್ಜೆ ಓಡಿ, ವಿಡಿಯೊ ನೋಡಿ.

ಮುಚ್ಚಳ ಮತ್ತು ರಬ್ಬರ್: ನೀರು ಒಳಗೆ ಹೋಗುವುದು ಹೆಚ್ಚಾಗಿ ಬ್ಯಾಟರಿ ಮುಚ್ಚಳದಿಂದ. ಮುಚ್ಚಳದ ರಬ್ಬರ್ ಮೇಲೆ ಒಂದು ಕೂದಲು ಅಥವಾ ಮರಳಿನ ಕಣ ಕೂತರೂ ಸಾಕು, ನೀರಿಗೆ ದಾರಿ ಆಯಿತು. ಮುಚ್ಚಿದಾಗ ಟಕ್ ಅಂತ ಸದ್ದು ಬರಬೇಕು.

ಮೆಮೊರಿ ಕಾರ್ಡ್: ವಿ30 ಗುರುತಿನ ಕಾರ್ಡ್ ಇರಲಿ. ಇದು ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ. ಲೆಕ್ಕ ಹೀಗೆ: ಸೆಕೆಂಡಿಗೆ 60 ಮೆಗಾಬಿಟ್ ವೇಗದ ವಿಡಿಯೊ ಗಂಟೆಗೆ ಸುಮಾರು 27 ಜಿಬಿ ತಿನ್ನುತ್ತದೆ, 100 ಮೆಗಾಬಿಟ್ ಆದರೆ 45 ಜಿಬಿ. 64 ಜಿಬಿ ಕಾರ್ಡ್ ಒಂದು ಟ್ರಿಪ್‌ಗೆ ಸಾಕಾಗುತ್ತದೆ. ಬರೀ ವಾಟ್ಸಾ್ಯಪ್ ಸ್ಟೇಟಸ್‌ಗೆ 4ಕೆ ಬೇಕಿಲ್ಲ, ಸೆಕೆಂಡಿಗೆ 60 ಫ್ರೇಮ್‌ನ 1080 ಸಾಕು.

ಬ್ಯಾಟರಿ: ಸಣ್ಣ ಕ್ಯಾಮೆರಾ, ಸಣ್ಣ ಬ್ಯಾಟರಿ. ಎಷ್ಟು ಹೊತ್ತು ಬರುತ್ತದೆ ಎಂಬುದು ಮಾದರಿ ಮತ್ತು ವಿಡಿಯೊ ಸೆಟ್ಟಿಂಗ್ ಮೇಲೆ ನಿಂತಿದೆ. ಇನ್ನೊಂದು ಬ್ಯಾಟರಿ ಇದ್ದರೂ ಅದನ್ನು ದಡದಲ್ಲಿ, ಒಣಗಿದ ಕೈಯಲ್ಲಿ ಮಾತ್ರ ಬದಲಿಸಬೇಕು.

ತೇಲುಹಿಡಿ: ಆ್ಯಕ್ಷನ್ ಕ್ಯಾಮೆರಾ ಕಲ್ಲಿನಂತೆ ಮುಳುಗುತ್ತದೆ. ಕಿತ್ತಳೆ ಬಣ್ಣದ ತೇಲುವ ಹಿಡಿಕೆ ಅಥವಾ ಫೋಮ್ ತುಂಡನ್ನು ತಪ್ಪದೆ ಕೊಳ್ಳಬೇಕು. ಸಾವಿರಾರು ರೂಪಾಯಿಯ ಕ್ಯಾಮೆರಾ ಉಳಿಸುವುದು ಈ ಸಣ್ಣ ಸಾಮಾನೇ.

ಬಕೆಟ್ ಪರೀಕ್ಷೆ, ಗುಮ್ಮಟ ಪರೀಕ್ಷೆ

ಹೊಸ ಪೌಚ್ ತಂದ ಕೂಡಲೇ ಫೋನ್ ಹಾಕಬೇಡಿ. ಒಳಗೆ ಒಂದು ಟಿಶ್ಯೂ ಪೇಪರ್, ತೂಕಕ್ಕೆ ನಾಲ್ಕು ನಾಣ್ಯ ಹಾಕಿ, ತುಂಬಿದ ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿ ಇಡಿ. ಹೊರಗೆ ಒರೆಸಿ ತೆಗೆದಾಗ ಪೇಪರ್ ಒಣಗಿದ್ದರೆ ಪೌಚ್ ಪಾಸು. ಕ್ಯಾಮೆರಾವನ್ನೂ ಮನೆಯಲ್ಲೇ ಒಮ್ಮೆ ನೀರಿಗಿಳಿಸಿ ನೋಡುವುದು ಒಳ್ಳೆಯದು. ತಯಾರಿಕೆಯ ದೋಷ ಇದ್ದರೆ ಊರಲ್ಲೇ ಗೊತ್ತಾಗುತ್ತದೆ, ಬದಲಿಸಿಕೊಳ್ಳಲು ಸಮಯವೂ ಇರುತ್ತದೆ.

ಎರಡನೇ ಪರೀಕ್ಷೆಗೆ ಅಷ್ಟೂರಿಗಿಂತ ಒಳ್ಳೆಯ ಜಾಗ ಇಲ್ಲ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗುಮ್ಮಟದ ಒಳಗೆ ಬಣ್ಣದ ಚಿತ್ತಾರ, ಬಂಗಾರದ ಬರಹ ಇವೆ, ಬೆಳಕು ಮಾತ್ರ ಕಡಿಮೆ. ಆ್ಯಕ್ಷನ್ ಕ್ಯಾಮೆರಾದಲ್ಲಿ ಅಲ್ಲಿ ತೆಗೆದರೆ ಚಿತ್ರ ಕಾಳುಕಾಳಾಗಿ ಬರುತ್ತದೆ. ಅದರ ಸೆನ್ಸರ್ ಸಣ್ಣದು, ಬಿಸಿಲು ಬೇಕು. ಜಾತ್ರೆ, ಮದುವೆ, ಮನೆಯೊಳಗಿನ ಕಾರ್ಯಕ್ರಮಕ್ಕೂ ಇದೇ ಕ್ಯಾಮೆರಾ ಆಗುತ್ತದೆ ಅಂತ ಲೆಕ್ಕ ಹಾಕಿ ಕೊಳ್ಳುವವರು ಮೊದಲು ಈ ಗುಮ್ಮಟದೊಳಗೆ ತೆಗೆದು ನೋಡಲಿ. ಹಳೆಯ ಬಣ್ಣಗಳಿರುವ ಜಾಗ, ಫ್ಲ್ಯಾಶ್ ಹಾಕಬಾರದು.

ನೀರಿನಲ್ಲಿ ಕ್ಯಾಮೆರಾಗಿಂತ ಜೀವ ದೊಡ್ಡದು

ಕ್ಯಾಮೆರಾದ ಉದ್ದನೆ ದಾರವನ್ನು ಕೊರಳಿಗೆ ಹಾಕಿಕೊಳ್ಳಲೇಬಾರದು. ದೋಣಿ ಮಗುಚಿದರೆ ದಾರ ಕೊಂಬೆಗೆ, ಬಂಡೆಗೆ, ದೋಣಿಯ ಹಗ್ಗಕ್ಕೆ ಸಿಕ್ಕಿಕೊಂಡು ಕುತ್ತಿಗೆ ಬಿಗಿಯುತ್ತದೆ. ಎದೆಪಟ್ಟಿ ಕಟ್ಟುವುದಾದರೆ ಅದು ಲೈಫ್ ಜಾಕೆಟ್‌ನ ಬಕಲ್ ಮುಚ್ಚಬಾರದು. ಹೆಲ್ಮೆಟ್ ಮೇಲೆ ಅಂಟಿಸುವುದಕ್ಕೆ ಎಲ್ಲಾ ಕಡೆ ಒಪ್ಪುವುದಿಲ್ಲ, ಗೈಡ್ ಕೇಳಿಯೇ ಹಚ್ಚಬೇಕು.

ದೋಣಿ ಹತ್ತುವ ಮುನ್ನವೇ ರೆಕಾರ್ಡಿಂಗ್ ಒತ್ತಿ, ಸ್ಕ್ರೀನ್ ಲಾಕ್ ಮಾಡಿ, ಆಮೇಲೆ ಮರೆತುಬಿಡುವುದು ಸರಿಯಾದ ಕ್ರಮ. ಸೆಳವಿನ ನಡುವೆ ಎರಡೂ ಕೈ ಹುಟ್ಟಿನ ಮೇಲೆ ಇರಬೇಕು. ಗೈಡ್ "ಫಾರ್ವರ್ಡ್" ಅಂದಾಗ ಒಬ್ಬ ಸೆಲ್ಫಿ ತೆಗೆಯುತ್ತಾ ಕೂತರೆ ದೋಣಿ ಅಡ್ಡ ತಿರುಗುತ್ತದೆ. ಆಗ ನೀರಿಗೆ ಬೀಳುವುದು ಅವನೊಬ್ಬನೇ ಅಲ್ಲ. ಕ್ಯಾಮೆರಾ ಕೈಜಾರಿದರೆ ಹಿಡಿಯಲು ಬಾಗಬಾರದು. ಹೋದದ್ದು ಹೋಗಲಿ.

ಬಿಲ್ ಇಲ್ಲದೆ ಕೊಳ್ಳಬೇಡಿ

ಹೆಸರಾಂತ ಕಂಪನಿಯ ಆ್ಯಕ್ಷನ್ ಕ್ಯಾಮೆರಾಗಳು ಸಾಮಾನ್ಯವಾಗಿ 25 ಸಾವಿರದಿಂದ 50 ಸಾವಿರ ರೂಪಾಯಿ ಒಳಗೆ ಬರುತ್ತವೆ. ನಾಲ್ಕೈದು ಸಾವಿರಕ್ಕೆ ಸಿಗುವ ಹೆಸರಿಲ್ಲದ ಕ್ಯಾಮೆರಾಗಳಲ್ಲಿ ಅನೇಕವು ತಾವೇ ವಾಟರ್‌ಪ್ರೂಫ್ ಅಲ್ಲ, ಜೊತೆಗೆ ಬರುವ ಪ್ಲಾಸ್ಟಿಕ್ ಡಬ್ಬಿ ಮಾತ್ರ ವಾಟರ್‌ಪ್ರೂಫ್. ಡಬ್ಬಿ ತೆಗೆದು ನೀರಿಗೆ ಹಿಡಿದರೆ ಕಥೆ ಮುಗಿಯಿತು.

ಹೈದರಾಬಾದ್‌ನಿಂದ ತಂದರೂ, ಆನ್‌ಲೈನ್ ತರಿಸಿದರೂ, ಬೀದರ್ ಪೇಟೆಯಲ್ಲೇ ಕೊಂಡರೂ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಪಡೆಯಬೇಕು. ಭಾರತದ ವಾರಂಟಿ ಇದೆಯೇ ಕೇಳಬೇಕು. ಫೋನ್‌ಗಳಲ್ಲಿ ನೀರು ಹೊಕ್ಕ ಹಾನಿಯನ್ನು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಡುತ್ತಾರೆ, ಐಪಿ68 ಇದ್ದರೂ ಅಷ್ಟೇ. ಆ ಷರತ್ತನ್ನು ಹಣ ಕೊಡುವ ಮುನ್ನ ಓದಬೇಕು. ಮೋಸ ಆಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅಂಗಡಿಕಾರರಿಗೂ ಇದರಲ್ಲಿ ಪಾಠವಿದೆ. "ಫುಲ್ ವಾಟರ್‌ಪ್ರೂಫ್" ಅನ್ನುವ ಬದಲು "ಇಷ್ಟು ಮೀಟರ್, ಇಷ್ಟು ಹೊತ್ತು, ಮುಚ್ಚಳ ಭದ್ರ ಇದ್ದರೆ" ಅಂತ ಹೇಳಿ ಮಾರಿದರೆ ಮುಂದೆ ಕೌಂಟರ್ ಮೇಲೆ ಜಗಳ ಇರುವುದಿಲ್ಲ.

ವಾಪಸ್ ಬಂದ ಮೇಲೆ

ಮುಚ್ಚಳ ತೆಗೆಯದೆ ಸಿಹಿನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ತೆರೆಯಬೇಕು. ಲೆನ್ಸ್ ಒಳಗೆ ಮಂಜು ಕಟ್ಟಿದರೆ ಸಿಲಿಕಾ ಜೆಲ್ ಪುಡಿಕೆ ಜೊತೆ ಡಬ್ಬಿಯಲ್ಲಿ ಇಡಬಹುದು. ಒಳಗೆ ನೀರೇ ಹೋಗಿದ್ದರೆ ಆಫ್ ಮಾಡಿ, ಚಾರ್ಜ್‌ಗೆ ಹಾಕದೆ, ಸರ್ವಿಸ್‌ಗೆ ಕೊಡಬೇಕು. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯ ಬೇಡ. ಅಕ್ಕಿಯ ಪುಡಿ, ನುಚ್ಚು ಒಳಹೊಕ್ಕು ಇನ್ನಷ್ಟು ಕೆಡುತ್ತದೆ.

ಕೊನೆಯದಾಗಿ ಒಂದು ಮಾತು. ಕ್ಯಾಮೆರಾ ವಾಟರ್‌ಪ್ರೂಫ್ ಇದೆ ಅಂತ ಅದನ್ನು ಮಾಂಜ್ರಾ ನದಿಯಲ್ಲೋ, ಕಾರಂಜಾ ಹಿನ್ನೀರಿನಲ್ಲೋ ಪರೀಕ್ಷಿಸಲು ಇಳಿಯುವುದು ಬೇಡ. ದಾಂಡೇಲಿಯಲ್ಲಿ ಗೈಡ್ ಇರುತ್ತಾನೆ, ಲೈಫ್ ಜಾಕೆಟ್ ಇರುತ್ತದೆ, ಹಗ್ಗ ಎಸೆಯುವವರು ಇರುತ್ತಾರೆ. ಇಲ್ಲಿ ಗೆಳೆಯರನ್ನು ಬಿಟ್ಟರೆ ಯಾರೂ ಇರುವುದಿಲ್ಲ, ಅವರಲ್ಲಿ ಎಷ್ಟು ಮಂದಿಗೆ ಈಜು ಬರುತ್ತದೆ ಅನ್ನೋದು ಅವರಿಗೇ ಗೊತ್ತು. ಪರೀಕ್ಷೆಗೆ ಮನೆಯ ಬಕೆಟ್ ಸಾಕು.