ಭಯದ ಇಳಿಜಾರು, ಭರವಸೆಯ ಕೊಕ್ಕೆ

ರೋಲರ್ ಕೋಸ್ಟರಿನಲ್ಲಿ ಕುಳಿತವರೆಲ್ಲರೂ ಒಂದು ಸದ್ದನ್ನು ಕೇಳಿರುತ್ತಾರೆ. ಬಂಡಿ ಮೊದಲ ದಿಬ್ಬವನ್ನು ನಿಧಾನವಾಗಿ ಏರುವಾಗ ಕಾಲಡಿಯಿಂದ ಬರುವ ಟಕ್-ಟಕ್ ಸದ್ದು ಅದು. ಕೆಲವು ವರ್ಷಗಳ ಹಿಂದೆ ಮುಂಬಯಿಯಲ್ಲಿ ಮಗಳ ಪಕ್ಕದಲ್ಲಿ ಕುಳಿತು ಅದನ್ನು ಕೇಳಿದಾಗ, ಯಂತ್ರ ಹಳತಾಗಿ ನರಳುತ್ತಿದೆಯೆಂದೇ ಭಾವಿಸಿ ನನ್ನ ಎದೆ ನಡುಗಿತ್ತು. ಈ ಆಟದ ಚರಿತ್ರೆಯನ್ನು ಓದಿದ ಮೇಲೆ ತಿಳಿಯಿತು: ನನ್ನನ್ನು ಅಂಜಿಸಿದ ಆ ಸದ್ದೇ ನನ್ನನ್ನು ಕಾಯುತ್ತಿತ್ತು.

ಈ ಆಟದ ತವರು ರಷ್ಯಾ. ಅಲ್ಲಿ ಚಳಿಗಾಲದಲ್ಲಿ ಮರದ ಎತ್ತರದ ಅಟ್ಟಗಳಿಗೆ ಇಳಿಜಾರು ಹಲಗೆಗಳನ್ನು ಕಟ್ಟಿ, ಮೇಲೆ ನೀರು ಸುರಿದು ಹೆಪ್ಪುಗಟ್ಟಿಸಿ ಜನ ಜಾರುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ರಾಣಿ ಕ್ಯಾಥರೀನಳಿಗಾಗಿ ಒರಾನಿಯೆನ್‌ಬಾಮ್‌ನಲ್ಲಿ ಇಂಥ ವಿಹಾರಕ್ಕೆಂದೇ ಭವ್ಯ ಮಂಟಪವೊಂದು ನಿರ್ಮಾಣವಾಯಿತು. 1817ರಲ್ಲಿ ಪ್ಯಾರಿಸ್ಸಿನವರು ಹಿಮದ ಬದಲು ಹಳಿಯನ್ನೂ ಜಾರುಬಂಡಿಯ ಬದಲು ಗಾಲಿಬಂಡಿಯನ್ನೂ ತಂದರು; ಬಂಡಿ ಹಳಿಬಿಟ್ಟು ಹಾರದಂತೆ ಬಿಗಿದಿಟ್ಟರು. ಫ್ರೆಂಚರು ಇಂದಿಗೂ ಇದನ್ನು ‘ರಷ್ಯದ ಬೆಟ್ಟಗಳು’ ಎನ್ನುತ್ತಾರೆ. ರಷ್ಯನ್ನರು ‘ಅಮೆರಿಕದ ಗುಡ್ಡಗಳು’ ಎನ್ನುತ್ತಾರೆ. ಅಪಾಯವೆಂಬುದು ಎಲ್ಲರಿಗೂ ಪರದೇಶದ ಸರಕೇ!

ಅಮೆರಿಕದ ಪಾಲೂ ಸಣ್ಣದಲ್ಲ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಐದು ಸೆಂಟಿನ ರೈಲಾಟವನ್ನು ತೆರೆದ. ಅದರ ವೇಗ ಗಂಟೆಗೆ ಸುಮಾರು 6 ಮೈಲಿ. ನಮ್ಮ ಜಟಕಾಬಂಡಿಯೇ ಅದನ್ನು ಹಿಂದಿಕ್ಕಬಹುದಾಗಿತ್ತು. ಆದರೆ ಜನರ ದಾಹ ಅಷ್ಟಕ್ಕೆ ತಣಿಯಲಿಲ್ಲ. 1895ರಲ್ಲಿ ಅಲ್ಲಿಯೇ ‘ಫ್ಲಿಪ್ ಫ್ಲಾಪ್’ ಎಂಬ ರೈಲು ಮನುಷ್ಯರನ್ನು ತಲೆಕೆಳಗು ಮಾಡಿ ಸುತ್ತಿಸಿತು. ಅದರ ಸುತ್ತು ಪರಿಪೂರ್ಣ ವೃತ್ತ, ದೋಷವಿದ್ದದ್ದೂ ಅಲ್ಲಿಯೇ. ವೇಗ ಅತ್ಯಧಿಕವಾಗಿರುವ ತಳದಲ್ಲಿ ಬಂಡಿ ಥಟ್ಟನೆ ವೃತ್ತಕ್ಕೆ ತಿರುಗುತ್ತಿದ್ದುದರಿಂದ ದೇಹದ ಭಾರವೆಲ್ಲ ಹಲವು ಪಟ್ಟಾಗಿ ಕತ್ತಿನ ಮೇಲೆ ಬೀಳುತ್ತಿತ್ತು. ಕತ್ತು ನೋವೆಂದು ಜನ ದೂರಿದರು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. 1976ರಲ್ಲಿ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಕ್ಯಾಲಿಫೋರ್ನಿಯದ ‘ರೆವಲ್ಯೂಷನ್’ಗಾಗಿ ತಳದಲ್ಲಿ ವಿಶಾಲವಾಗಿ, ತುದಿಯಲ್ಲಿ ಕಿರಿದಾಗಿ ಬಾಗುವ, ಕಣ್ಣೀರ ಹನಿಯ ಆಕಾರದ ಸುತ್ತನ್ನು ರೂಪಿಸಿದ ಮೇಲೆಯೇ ತಲೆಕೆಳಗಾಗುವ ಸುಖ ಸುರಕ್ಷಿತವಾಯಿತು.

ಇವೆರಡರ ನಡುವೆ ಬರುವ ಹೆಸರು ಜಾನ್ ಮಿಲ್ಲರ್. ಹಳಿಗಳ ನಡುವೆ ಹಲ್ಲುಪಟ್ಟಿಯನ್ನು ಹಾಸಿ, ಬಂಡಿಯ ಅಡಿಗೆ ಕೊಕ್ಕೆಯೊಂದನ್ನು ಜೋಡಿಸುವ ಉಪಾಯಕ್ಕೆ ಆತ 1910ರಲ್ಲಿ ಪೇಟೆಂಟ್ ಪಡೆದ. ಏರುವಾಗ ಕೊಕ್ಕೆ ಒಂದೊಂದೇ ಹಲ್ಲನ್ನು ದಾಟಿ ಬೀಳುತ್ತದೆ. ಸರಪಳಿ ಕಡಿದರೂ ಬಂಡಿ ಹಿಂದಕ್ಕೆ ಜಾರದೆ ಆ ಹಲ್ಲಿಗೇ ಕಚ್ಚಿಕೊಂಡು ನಿಲ್ಲುತ್ತದೆ. ನಾನು ಕೇಳಿದ ಟಕ್-ಟಕ್ ಅದೇ. 1919ರಲ್ಲಿ ಅವನೇ ಹಳಿಯ ಅಡಿಯಿಂದ ಹಿಡಿಯುವ ಗಾಲಿಗಳಿಗೂ ಪೇಟೆಂಟ್ ಪಡೆದ. ಬಂಡಿ ಹಳಿಯಿಂದ ಮೇಲೇಳದೆಂಬ ಧೈರ್ಯ ಬಂದ ಮೇಲೆಯೇ ದಿಬ್ಬಗಳು ಕಡಿದಾದವು. ರೋಲರ್ ಕೋಸ್ಟರಿನ ಚರಿತ್ರೆ ವೇಗದ ಚರಿತ್ರೆಯಲ್ಲ, ನಂಬಿಕೆಯ ಚರಿತ್ರೆ. ಪ್ರತಿಯೊಂದು ಎತ್ತರದ ಹಿಂದೆಯೂ ಅದಕ್ಕೆ ಮೊದಲೇ ಹುಟ್ಟಿದ ಒಂದು ಕೊಕ್ಕೆಯಿದೆ.

ಆದರೆ ಕೊಕ್ಕೆ ಇದ್ದರಷ್ಟೇ ಸಾಲದು. ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ ‘ಬಿಗ್ ಡಿಪ್ಪರ್’ ಎಂಬ ಮರದ ಕೋಸ್ಟರ್ 1951ರಿಂದ ಓಡುತ್ತಿತ್ತು. 1972ರ ಮೇ 30ರಂದು ಏರುದಾರಿಯಲ್ಲಿ ಬಂಡಿ ಎಳೆಯುವ ಹಗ್ಗದಿಂದ ಕಳಚಿಕೊಂಡಿತು. ಹಿಂಜಾರುವುದನ್ನು ತಡೆಯಬೇಕಾಗಿದ್ದ ಸಾಧನ ಕೆಲಸ ಮಾಡಲಿಲ್ಲ. ಹಿಮ್ಮುಖವಾಗಿ ಉರುಳಿದ ಬಂಡಿಯ ಅಪಘಾತದಲ್ಲಿ ಐವರು ಮಕ್ಕಳು ಸತ್ತರು. ಮಿಲ್ಲರನ ಪೇಟೆಂಟಿಗೆ ಆಗ ಅರುವತ್ತು ವರ್ಷ ದಾಟಿತ್ತು. ಗೊತ್ತಿಲ್ಲದ್ದರಿಂದ ಸತ್ತ ಮಕ್ಕಳಲ್ಲ ಅವರು.

ನಮ್ಮಲ್ಲಿಯೂ 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಸರೋವರದ ಬಳಿ ಲೋಲಕದಂತೆ ತೂಗುವ ಆಟವೊಂದು ಓಡುತ್ತಿರುವಾಗಲೇ ಮುರಿದು ಬಿದ್ದು ಇಬ್ಬರು ಸತ್ತರು. ಅದು ಭಾನುವಾರ, ಜನ ಬಂದದ್ದು ನಗಲಿಕ್ಕೆ.

ಊರಿನ ಜಾತ್ರೆಯಲ್ಲಿ ಮರದ ತೊಟ್ಟಿಲನ್ನು ಕೈಯಿಂದ ತಿರುಗಿಸುತ್ತಿದ್ದವನ ಮುಖ ನಮಗೆ ಕಾಣುತ್ತಿತ್ತು. ಹೆದರಿ ಕೂಗಿದರೆ ನಿಲ್ಲಿಸುತ್ತಿದ್ದ. ಇಂದು ನಮ್ಮ ಮಕ್ಕಳ ಪ್ರಾಣವನ್ನು ಹಿಡಿದಿರುವವನು ಕಣ್ಣಿಗೆ ಕಾಣುವುದಿಲ್ಲ. ಬೆಳಗ್ಗೆ ಬಾಗಿಲು ತೆರೆಯುವ ಮೊದಲು ಹಳಿಯುದ್ದಕ್ಕೂ ನಡೆದು, ಬೋಲ್ಟುಗಳನ್ನು ಮುಟ್ಟಿ ನೋಡಿ, ದಫ್ತರದಲ್ಲಿ ಸಹಿ ಮಾಡುವವನು ಅವನು. ಕಡತಗಳ ನಡುವೆಯೇ ಅರ್ಧ ಆಯುಷ್ಯ ಕಳೆದ ನನ್ನಂಥವನಿಗೆ ‘ಪರಿಶೀಲಿಸಲಾಗಿದೆ’ ಎಂಬ ಷರಾವನ್ನು ಕುರ್ಚಿಯಿಂದೇಳದೆಯೂ ಬರೆಯಬಹುದೆಂಬುದು ಗೊತ್ತು. ಹೀಗಾಗಿ ಆ ಸಹಿಯ ತೂಕವೆಷ್ಟೆಂಬುದೂ ಗೊತ್ತು.

ಕಳೆದ ಬೇಸಗೆಯಲ್ಲಿ ಮಗಳು ಮತ್ತೆ ಹಟ ಹಿಡಿದಳು, ಹೋದೆವು. ಬಂಡಿ ಏರತೊಡಗಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ನಾನು ಕಿವಿಗೊಟ್ಟು ಆ ಟಕ್-ಟಕ್ ಸದ್ದನ್ನು ಎಣಿಸುತ್ತ ಕುಳಿತೆ.