ಗರ್ಭಿಣಿಯರ ಗ್ಲೂಕೋಸ್ ಪರೀಕ್ಷೆ: ರಕ್ತದ ಮಾದರಿ ನೀಡುವ ವಿಧಾನ

ಗರ್ಭಾವಸ್ಥೆಯ ಮಧುಮೇಹಕ್ಕೆ ಸಾಮಾನ್ಯವಾಗಿ ಬಾಹ್ಯ ಲಕ್ಷಣಗಳಿರುವುದಿಲ್ಲ. ಚಿಕಿತ್ಸೆ ದೊರೆಯದಿದ್ದಲ್ಲಿ ತಾಯಿ ಹಾಗೂ ಶಿಶುವಿಗೆ ಅಪಾಯ ಉಂಟಾಗಬಹುದು. ಆದುದರಿಂದ 2018ರ ರಾಷ್ಟ್ರೀಯ ಮಾರ್ಗಸೂಚಿಯು ಎಲ್ಲ ಗರ್ಭಿಣಿಯರಿಗೂ ಮೊದಲ ತಪಾಸಣೆಯಲ್ಲಿಯೇ ಈ ಪರೀಕ್ಷೆಯನ್ನು ಸೂಚಿಸಿದೆ. ಫಲಿತಾಂಶ ಸಾಮಾನ್ಯವಾಗಿದ್ದಲ್ಲಿ 24ರಿಂದ 28ನೇ ವಾರದೊಳಗೆ ಪುನಃ ಪರೀಕ್ಷಿಸಲಾಗುವುದು.

ಅನುಸರಿಸಬೇಕಾದ ಕ್ರಮಗಳು:

1. ಖಾಲಿ ಹೊಟ್ಟೆಯಲ್ಲಿ ಬರುವ ಅವಶ್ಯಕತೆ ಇರುವುದಿಲ್ಲ. ಮೊದಲೇ ಮಧುಮೇಹವಿರುವವರು ಮುಂಚಿತವಾಗಿ ತಿಳಿಸತಕ್ಕದ್ದು.

2. ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿದ 75 ಗ್ರಾಂ ಗ್ಲೂಕೋಸನ್ನು 10 ನಿಮಿಷದೊಳಗೆ ಕುಡಿಯತಕ್ಕದ್ದು.

3. 2 ಗಂಟೆಗಳ ನಂತರ ರಕ್ತದ ಮಾದರಿಯನ್ನು ಸಂಗ್ರಹಿಸಲಾಗುವುದು. ಅಲ್ಲಿಯವರೆಗೆ ಆಹಾರ ಸೇವಿಸದೆ ಆಸ್ಪತ್ರೆಯಲ್ಲಿಯೇ ಕುಳಿತಿರತಕ್ಕದ್ದು. ವೇಳೆ ತಪ್ಪಿ ಪಡೆದ ಮಾದರಿಯಿಂದ ಸರಿಯಾದ ಫಲಿತಾಂಶ ದೊರೆಯುವುದಿಲ್ಲ.

4. ಗ್ಲೂಕೋಸ್ ಕುಡಿದ 30 ನಿಮಿಷದೊಳಗೆ ವಾಂತಿಯಾದಲ್ಲಿ ಸಿಬ್ಬಂದಿಗೆ ತಿಳಿಸತಕ್ಕದ್ದು. ಪರೀಕ್ಷೆಯನ್ನು ಮರುದಿನ ನಡೆಸಲಾಗುವುದು.

ರಕ್ತದಲ್ಲಿನ ಗ್ಲೂಕೋಸ್ ಪ್ರಮಾಣವು ಪ್ರತಿ ಡೆಸಿಲೀಟರ್‌ಗೆ 140 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ವೈದ್ಯಾಧಿಕಾರಿಗಳನ್ನು ಕೂಡಲೇ ಕಾಣುವುದು.